ತೂತಿಗೆ ಬಡಿದ ಬಿರಡೆ

“ಅಮ್ಮಾ, ಹಾರ್ನ್ ತಾತ ಕಾರಿನ ಪೈಪಿಗೆ ಬಾಯಿಟ್ಟು ಯಾಕೆ ಊದ್ತಾರೆ? ಅದೇನು ಪೀಪೀನಾ?”

ಕಿಟಕಿಯ ಸರಳಿಗೆ ಗಲ್ಲ ಒತ್ತಿ ನಿಂತಿದ್ದ ಮಗಳನ್ನು ಎತ್ತಿಕೊಂಡು ಅವಳೂ ನೋಡಿದಳು. ತಿರುವಿನಲ್ಲಿ ಬೆಕ್ಕು ಮಲಗಿದ್ದರೂ ಹಾರ್ನ್ ಹೊಡೆಯುತ್ತಿದ್ದ ಎದುರುಮನೆಯ ಟ್ಯಾಕ್ಸಿ ತಾತ, ಬಾನೆಟ್ ಎತ್ತಿದ ಹಳೇ ಕಾರಿನ ಮುಂದೆ ಸ್ಟೂಲ್ ಹಾಕಿ ಕೂತಿದ್ದರು. ರಬ್ಬರ್ ಪೈಪನ್ನು ಒರೆಸುವುದು, ಊದುವುದು, ಮತ್ತೆ ಒರೆಸುವುದು.

ಆ ಎಂಜಿನ್ ಇನ್ನು ಏಳುವುದಿಲ್ಲವೆಂದು ಬೀದಿಗೆಲ್ಲ ಗೊತ್ತಿತ್ತು. ತಾತನಿಗೂ ಗೊತ್ತಿತ್ತು. ಅವರ ಹೆಂಡತಿ, ಅಜ್ಜಿಗೊಬ್ಬರಿಗೆ ಗೊತ್ತಿರಲಿಲ್ಲ.

ಸೊಂಟ ಮುರಿದು ಹಾಸಿಗೆ ಹಿಡಿದ ಅಜ್ಜಿಗೆ ಹೊರಗಿನ ಲೋಕವೆಂದರೆ ವಾರಕ್ಕೊಮ್ಮೆ ತಾತ ಎತ್ತಿ ಕೂರಿಸಿದರೆ ಆ ಕಾರಿನಲ್ಲಿ ಅಕ್ಕನ ಮನೆಗೆ ಹೋಗಿಬರುವುದು, ಅಷ್ಟೇ. ಎಂಜಿನ್ನಿಗೂ ವಯಸ್ಸಾಗಿತ್ತು. ಸವೆದ ಪಿಸ್ಟನ್ನಿನ ಸಂದಿಯಲ್ಲಿ ನುಸುಳಿದ ಹೊಗೆ ಕೆಳಗೆ ಎಣ್ಣೆಯ ಗೂಡಿಗೆ ಇಳಿಯುತ್ತದೆ. ಅದನ್ನು ಹೊರಗೆ ಬಿಡುವುದೇ ಆ ಪೈಪಿನ ಕೆಲಸ. ಬರಬರುತ್ತ ಹೊಗೆ ಹೆಚ್ಚಾಗಿ, ಕಮಟು ವಾಸನೆ ಸೀಟಿನವರೆಗೂ ಬಂತು. ಅಜ್ಜಿಗೆ ಓಕರಿಕೆ.

“ಏನ್ರೀ, ನನ್ನ ಅಕ್ಕನ ಮನೆಗೆ ಕರ್ಕೊಂಡು ಹೋಗ್ತಿದೀರೋ, ಸೀದಾ ಮೇಲಕ್ಕೆ ಕಳಿಸ್ತಿದೀರೋ?”

ತಾತ ಪೈಪ್ ಕಿತ್ತು, ತೂತಿಗೆ ಮರದ ಬಿರಡೆ ಬಡಿದರು. ಹೊಗೆ ನಿಂತಿತು. ಅಂದು ಅಜ್ಜಿ ದಾರಿಯುದ್ದಕ್ಕೂ ಹರಟಿದ್ದೇ ಹರಟಿದ್ದು. ಆದರೆ ದಾರಿ ಕಾಣದ ಹೊಗೆ ಒಳಗೇ ಒತ್ತಿ, ಎಣ್ಣೆ ತಡೆಯುವ ಸೀಲನ್ನು ಕಿತ್ತುಹಾಕಿತ್ತು. ವಾಪಸು ಬರುವಷ್ಟರಲ್ಲಿ ಎಣ್ಣೆಯೆಲ್ಲ ರಸ್ತೆಪಾಲಾಗಿ ಎಂಜಿನ್ ಕಚ್ಚಿಕೊಂಡು ನಿಂತೇಹೋಯಿತು.

“ಕುದಿಯೋ ಪಾತ್ರೆಗೆ ಮುಚ್ಚಳ ಬಿಗಿದು ಮೇಲೆ ಕಲ್ಲು ಹೇರಿದಂಗಾಯ್ತಲ್ಲ ತಾತ! ಸ್ಟೇರಿಂಗ್ ಹಿಡಿಯೋ ಕೈನ ಬಾನೆಟ್ ಒಳಗೆ ಯಾಕೆ ಹಾಕಿದ್ರಿ?” ಎಂದಿದ್ದ ಮೆಕ್ಯಾನಿಕ್. “ಇದರ ಸಾಮಾನು ಈಗ ಎಲ್ಲೂ ಸಿಗಲ್ಲ. ಗುಜರಿಗೆ ಕೊಡಿ.”

ಮಗಳನ್ನು ಕೆಳಗಿಳಿಸಿ ಅವಳು ಚಹಾದ ಲೋಟ ಹಿಡಿದು ರಸ್ತೆ ದಾಟಿದಳು. ಒಳಗಿನಿಂದ ಅಜ್ಜಿಯ ದನಿ ಬಂತು: “ಆಯ್ತೇನ್ರೀ?”

“ಆಗ್ತಾ ಇದೆ ಕಣೇ!” ತಾತ ಸ್ಪ್ಯಾನರಿನಿಂದ ಸುಮ್ಮನೆ ಎರಡೇಟು ಬಡಿದರು. ಆಮೇಲೆ ದನಿ ತಗ್ಗಿಸಿದರು. “ಇವಳಿಗೋಸ್ಕರ ಆ ಬಿರಡೆ ಬಡಿದೆ ಅಂತ ಗೊತ್ತಾದ್ರೆ, ತನ್ನಿಂದ್ಲೇ ಕಾರು ಹೋಯ್ತು ಅಂತ ಕೊರಗಿ ಕೊರಗಿ ಸಾಯ್ತಾಳಮ್ಮ.”

ಚಹಾ ತಣ್ಣಗಾಯಿತು. ಅವರು ಮುಟ್ಟಲಿಲ್ಲ.

“ನಾಳೆ ಬೆಳಿಗ್ಗೆ ಗುಜರಿಯೋನು ಬರ್ತಾನೆ. ಪುಟ್ಟೀನ ಕರ್ಕೊಂಡು ಬಂದು ಇವಳ ಹತ್ರ ಕೂತ್ಕೋತೀಯಾ? ಜೋರಾಗಿ ಹಾಡು ಹೇಳಿಸಮ್ಮ. ಎಳ್ಕೊಂಡು ಹೋಗೋ ಸದ್ದು ಒಳಗೆ ಕೇಳಿಸ್ಬಾರ್ದು.”