ಹಿಮ ನೋಡಲು ಹೋದ ತೆರೆಜಾ

ಒಂಬತ್ತು ವರ್ಷ ತೆರೆಜಾ ಬೇರೆಯವರನ್ನು ಹಿಮದ ಬೆಟ್ಟಕ್ಕೆ ಕಳುಹಿಸಿದ್ದಳು. ದೋಹಾದ ಬಿನ್ ಒಮ್ರಾನ್‌ನಲ್ಲಿದ್ದ ಕಟ್ಟಡ ಕಂಪನಿಯೊಂದರ ಜನರಲ್ ಮ್ಯಾನೇಜರರಿಗೆ ಅವಳು ಸೆಕ್ರೆಟರಿ. ಮ್ಯಾನೇಜರ್ ನಬೀಲ್ ಲೆಬನಾನಿನವರು. ಪ್ರತಿ ಜನವರಿಯಲ್ಲಿ ಕಂಪನಿಯ ಐದಾರು ಮಂದಿ ದೊಡ್ಡವರನ್ನು ಕರೆದುಕೊಂಡು ತಮ್ಮ ದೇಶದ ಫಾರಾಯಾ ಬೆಟ್ಟಕ್ಕೆ ಸ್ಕೀ ಆಡಲು ಹೋಗುತ್ತಿದ್ದರು. ವಿಮಾನದ ಟಿಕೆಟ್, ಹೋಟೆಲಿನ ಕೋಣೆ, ಬೈರೂತಿನಿಂದ ಬೆಟ್ಟ ಹತ್ತುವ ವ್ಯಾನು, ಬಾಡಿಗೆಯ ಬೂಟು, ಎಲ್ಲದರ ಏರ್ಪಾಟೂ ತೆರೆಜಾಳ ಮೇಜಿನಿಂದಲೇ. ಯಾರ ಕಾಲಿನ ಅಳತೆ ಎಷ್ಟು, ಯಾರ ಗೊರಕೆಗೆ ಹೆದರಿ ಯಾರು ಬೇರೆ ಕೋಣೆ ಕೇಳುತ್ತಾರೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಹಿಮವನ್ನು ಮಾತ್ರ ಅವಳು ತನ್ನ ಫ್ರಿಜ್ಜಿನ ಒಳಗೆ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ.

೨೦೦೯ರ ಜನವರಿಯ ಮೊದಲ ವಾರ, ಪ್ರಯಾಣಿಕರ ಪಟ್ಟಿಯನ್ನು ಮುಂದಿಟ್ಟಾಗ ನಬೀಲ್ ಅದರ ಕೊನೆಯಲ್ಲಿ ಪೆನ್ನಿನಿಂದ ಒಂದು ಹೆಸರು ಸೇರಿಸಿದರು. ತೆರೆಜಾ.

"ಸರ್, ನನಗೆ ಸ್ಕೀ ಬರುವುದಿಲ್ಲ" ಎಂದಳು ಅವಳು ಇಂಗ್ಲಿಷಿನಲ್ಲಿ.

"ಆಡಬೇಡ. ಕೂತು ಕಾಫಿ ಕುಡಿ. ಇಷ್ಟು ವರ್ಷ ದುಡಿದಿದ್ದೀಯ, ನಾಲ್ಕು ದಿನ ರಜೆ ಅಂದುಕೋ."

ತೆರೆಜಾ ಆ ಸಂಜೆ ಮನೆಗೆ ಹೋಗುವ ಮೊದಲೇ ಸುದ್ದಿ ಇಡೀ ಆಫೀಸಿಗೆ ಹಬ್ಬಿತ್ತು. ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ರಾಫೆಲ್. ಅದೇ ಕಂಪನಿಯಲ್ಲಿ ನಕ್ಷೆ, ಪತ್ರ, ಕಡತಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವರು. ಅವಳದೇ ಊರು, ಶಿರ್ವದವರು. ೧೯೯೧ರಲ್ಲಿ ಅವಳನ್ನು ಈ ಕೆಲಸಕ್ಕೆ ಸೇರಿಸಿದ್ದೂ ಅವರೇ. ಅಲ್ ಮನ್ಸೂರಾದ ಒಂದೇ ಕಟ್ಟಡದಲ್ಲಿ ಇಬ್ಬರ ಮನೆ; ಅವರದು ಎರಡನೇ ಮಹಡಿ, ಇವಳದು ಮೂರನೆಯದು. ಬೆಳಿಗ್ಗೆ ಅವರ ಕಾರಿನಲ್ಲೇ ಆಫೀಸು. ಹಿರಿಯರೆಂಬ ಗೌರವಕ್ಕೆ ತೆರೆಜಾ ಅವರನ್ನು ಊರಿನ ರೂಢಿಯಂತೆ 'ರಾಫೆಲಾಬ್' ಎನ್ನುತ್ತಿದ್ದಳು; ತಂಗಿಯನ್ನು ಕರೆದಂತೆ ಅವರು ಅವಳನ್ನು ಕೊಂಕಣಿಯಲ್ಲಿ 'ಬಾಯಿ' ಎನ್ನುತ್ತಿದ್ದರು.

"ನೋಡಿದೆಯಾ ಬಾಯಿ, ದುಡಿದದ್ದು ದೊಡ್ಡವರ ಕಣ್ಣಿಗೆ ಒಂದಲ್ಲ ಒಂದು ದಿನ ಬೀಳ್ತದೆ" ಎಂದರು ರಾಫೆಲ್. ಅವರ ಹೆಂಡತಿ ಲೊರ್ನಾ ಎರಡು ದಿನ ಕೂತು ಒಂದು ಉಣ್ಣೆಯ ಟೊಪ್ಪಿ ಹೆಣೆದು ಕೊಟ್ಟಳು. ತೆರೆಜಾಳ ಗಂಡ ಫಿಡೆಲಿಸ್ ದುಖಾನ್‌ನಲ್ಲಿ ತೈಲ ಕಂಪನಿಯ ಸ್ಟೋರಿನಲ್ಲಿದ್ದ. ಗುರುವಾರ ಸಂಜೆ ಬಂದು ಶನಿವಾರ ಹಿಂದಿರುಗುತ್ತಿದ್ದ. "ಕಾಲು ಮುರ್ಕೊಂಡು ಬರಬೇಡ ಮಾರಾಯ್ತಿ, ಅಡುಗೆ ನಾನು ಮಾಡಬೇಕಾದೀತು" ಎಂದು ನಕ್ಕ.

ಬೈರೂತಿನಿಂದ ವ್ಯಾನು ಬೆಟ್ಟ ಹತ್ತತೊಡಗಿದ ಮೇಲೆ ಒಂದು ತಿರುವಿನಲ್ಲಿ ಎಲ್ಲವೂ ಬಿಳಿಯಾಯಿತು. ಚಾಲಕ ಇಳಿದು ಚಕ್ರಗಳಿಗೆ ಸರಪಳಿ ಕಟ್ಟಿದ. ತೆರೆಜಾ ಕೂಡ ಇಳಿದಳು. ಬಾಗಿ ಒಂದು ಮುಷ್ಟಿ ಎತ್ತಿಕೊಂಡಳು. ಮೃದುವಾಗಿರಬಹುದೆಂದು ಎಣಿಸಿದ್ದಳು, ಅದು ತರಿತರಿಯಾಗಿ ಬೆರಳನ್ನು ಸುಟ್ಟಂತೆ ಕೊರೆಯಿತು. ಬಿಸಾಡಲು ಮನಸ್ಸಾಗದೆ ಕರಗುವ ತನಕ ಹಿಡಿದುಕೊಂಡೇ ನಿಂತಳು.

ಮೊದಲ ಎರಡು ದಿನ ಅವಳ ಬದುಕಿನಲ್ಲೇ ಬೇರೆ ತರಹದವು. ಬೆಳಿಗ್ಗೆ ಉಳಿದವರು ಉದ್ದನೆಯ ಹಲಗೆಗಳನ್ನು ಹೆಗಲಿಗೇರಿಸಿ, ಗಟ್ಟಿ ಬೂಟುಗಳಲ್ಲಿ ಸೊಟ್ಟ ಸೊಟ್ಟ ನಡೆದು ಹೋದ ಮೇಲೆ ಇಡೀ ದಿನ ಅವಳದೇ. ಇಳಿಜಾರಿನ ಬುಡದಲ್ಲಿದ್ದ ಕೆಫೆಯ ಹೊರಗೆ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಮೈಗೆ ಬಿಸಿಲು, ಕಾಲಿಗೆ ಚಳಿ. ದಾಲ್ಚಿನ್ನಿ ಉದುರಿಸಿದ, ಗಂಜಿಯಂತೆ ದಪ್ಪಗಿನ ಬಿಸಿ ಹಾಲನ್ನು ಲೋಟದಲ್ಲಿ ತಂದಿಡುತ್ತಿದ್ದರು. ಕಾವಲಿಯ ಮೇಲೆ ರೊಟ್ಟಿ ಬೇಯಿಸುತ್ತಿದ್ದ ಮುದುಕಿಯೊಬ್ಬಳು ಇವಳ ಬಣ್ಣ ನೋಡಿ ಮೊದಲು "ಯಾರ ಮನೆಯ ಕೆಲಸದವಳು?" ಎಂದು ಕೇಳಿದಳು. ತೆರೆಜಾ ತನ್ನ ಹರುಕುಮುರುಕು ಅರಬ್ಬಿಯಲ್ಲಿ, ಎದೆಯುಬ್ಬಿಸಿ, "ಯಾರ ಮನೆಯವಳೂ ಅಲ್ಲ. ರಜೆಗೆ ಬಂದಿದ್ದೇನೆ" ಎಂದಳು. ಮುದುಕಿ ನಕ್ಕು ಇನ್ನೊಂದು ರೊಟ್ಟಿ ಕೊಟ್ಟಳು.

ಬೀಳುವವರನ್ನು ನೋಡುವುದರಲ್ಲೇ ಅವಳಿಗೆ ಅರ್ಧ ಮಜಾ. ಆಫೀಸಿನಲ್ಲಿ ಎಲ್ಲರನ್ನೂ ನಡುಗಿಸುವ ಪ್ರಾಜೆಕ್ಟ್ ಮ್ಯಾನೇಜರ್ ಮಗುವಿನ ಹಾಗೆ ಕುಂಡೆಯೂರಿ ಜಾರಿ ಬಂದಾಗ ಮುಖಕ್ಕೆ ಟೊಪ್ಪಿ ಎಳೆದುಕೊಂಡು ನಕ್ಕಳು. ಎರಡನೇ ದಿನ ಧೈರ್ಯ ಮಾಡಿ, ತಂತಿಗೆ ನೇತುಬಿದ್ದು ಮೇಲೆ ಸಾಗುವ ತೂಗುಕುರ್ಚಿಯಲ್ಲಿ ಕೂತು ಬೆಟ್ಟದ ತಲೆಗೆ ಹೋದಳು. ಅಲ್ಲಿಂದ ದೂರದಲ್ಲಿ ಸಮುದ್ರ ಕಂಡಿತು. ಕಾಪು, ಮಲ್ಪೆಯ ಕಡಲನ್ನು ನೋಡಿ ಬೆಳೆದವಳಿಗೆ, ಹಿಮದ ಮೇಲೆ ನಿಂತು ಕಡಲು ನೋಡುವುದೆಂದರೆ ನಂಬಲಾಗಲಿಲ್ಲ. ಫಿಡೆಲಿಸ್‌ಗೆ ಫೋನು ಹಚ್ಚಿದಳು. "ನಾವಿಬ್ಬರೂ ಒಮ್ಮೆ ಬರಬೇಕು" ಎಂದಳು. ಅಷ್ಟು ಹಗುರಾಗಿ ಅವಳು ಮಾತಾಡಿ ಬಹಳ ಕಾಲವಾಗಿತ್ತು.

ಮೂರನೇ ದಿನ ಶುಕ್ರವಾರ, ಜನವರಿ ೨೩. ಬೆಳಿಗ್ಗೆಯೇ ಗಾಳಿಯೆದ್ದು, ಮಂಜು ಮುಸುಕಿ, ತೂಗುಕುರ್ಚಿಗಳೆಲ್ಲ ನಿಂತವು. ಯಾರೂ ಹೊರಗೆ ಹೋಗುವಂತಿರಲಿಲ್ಲ. ಹತ್ತು ಗಂಟೆಗೆ ನಬೀಲ್ ಅವಳನ್ನು ಹೋಟೆಲಿನ ಚಿಕ್ಕ ಸಭಾಕೋಣೆಗೆ ಕರೆದರು. ಅಲ್ಲಿ ಐದು ಮಂದಿ ಕೂತಿದ್ದರು. ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು.

"ಸ್ವಲ್ಪ ಟೈಪಿಂಗ್ ಉಂಟು" ಎಂದರು.

ಆಗ ಅವಳಿಗೆ ತಾನು ಯಾಕೆ ಬಂದಿದ್ದೇನೆಂದು ತಿಳಿಯಿತು. ಪ್ರಪಂಚದಲ್ಲೆಲ್ಲ ವ್ಯಾಪಾರ ಕುಸಿದ ಪೆಟ್ಟು ಆ ಕಂಪನಿಗೂ ತಗಲಿತ್ತು. ಎರಡು ಗೋಪುರಗಳ ಕೆಲಸ ನಿಂತಿತ್ತು. ಮೂವತ್ತೊಂದು ಜನರನ್ನು ತೆಗೆಯಬೇಕು. ದೋಹಾದ ಆಫೀಸಿನಲ್ಲಿ ಗೋಡೆಗೂ ಕಿವಿ, ಅದಕ್ಕೇ ಇಲ್ಲಿ. ಅವರು ಒಂದೊಂದೇ ಹೆಸರು ಹೇಳುತ್ತ ಹೋದರು, ಅವಳು ಟೈಪ್ ಮಾಡುತ್ತ ಹೋದಳು. ಹದಿನಾಲ್ಕನೆಯ ಹೆಸರು ರಾಫೆಲರದು.

ಅವಳ ಬೆರಳು ನಿಂತಿತು. "ಏನಾಯ್ತು?" ಎಂದರು ನಬೀಲ್. "ಏನಿಲ್ಲ ಸರ್" ಎಂದಳು. ಟೈಪ್ ಮಾಡಿದಳು.

ಮುಂದೆ ಸೆಕ್ರೆಟರಿಗಳ ಸರದಿ ಬಂತು. ಆಡಳಿತದವರು ಮೊದಲೇ ಬರೆದು ತಂದಿದ್ದ ಕಾಗದದಲ್ಲಿ ಎರಡು ಹೆಸರಿದ್ದವು. ನಬೀಲ್ ಅದನ್ನು ಅವಳೆದುರಿಗೇ ತಿರುಗಿಸಿ, 'ತೆರೆಜಾ' ಎಂದಿದ್ದುದರ ಮೇಲೆ ಒಂದು ಗೀಟು ಎಳೆದು ಹೊಡೆದುಹಾಕಿದರು. "ನೋಡು, ನಿನ್ನನ್ನು ನಾನು ನೋಡಿಕೊಂಡಿದ್ದೇನೆ. ಈ ಕೋಣೆಯಲ್ಲಿ ಇರುವುದು ಏಳು ಜನ. ಮಾತು ಹೊರಗೆ ಹೋದರೆ ಎಲ್ಲಿಂದ ಹೋಯಿತು ಅಂತ ನನಗೆ ಗೊತ್ತಾಗುತ್ತದೆ." ಕೊನೆಯಲ್ಲಿ ಇನ್ನೊಂದು ಮಾತು ಹೇಳಿದರು: ಪತ್ರ ಕೊಡುವುದು ಫೆಬ್ರವರಿ ಕೊನೆಗೆ. ಅಷ್ಟರೊಳಗೆ ಯಾರಾದರೂ ತಾವಾಗಿ ಬೇರೆ ಕಂಪನಿಗೆ ಹೋಗುತ್ತೇನೆಂದರೆ ಅಲ್ಲಿ ಸೇರಲು ಬೇಕಾದ ನಮ್ಮ ಒಪ್ಪಿಗೆ ಪತ್ರ ತಕ್ಷಣ ಕೊಟ್ಟುಬಿಡಿ.

ಮಧ್ಯಾಹ್ನ ಮಂಜು ಸರಿದು ಬಿಸಿಲು ಬಂತು. ಮ್ಯಾನೇಜರುಗಳು ಹಲಗೆ ಹೊತ್ತು ಹೊರಟರು. ತೆರೆಜಾ ಅದೇ ಕುರ್ಚಿಯಲ್ಲಿ ಹೋಗಿ ಕೂತಳು. ಮುದುಕಿ ರೊಟ್ಟಿ ತಂದಳು. ತಿನ್ನಲಾಗಲಿಲ್ಲ.

ದೋಹಾಕ್ಕೆ ಮರಳಿದ ಮಾರನೆಯ ಬೆಳಿಗ್ಗೆ ಕಾರಿನಲ್ಲಿ ರಾಫೆಲ್ ಬಿಡದೆ ಕೇಳಿದರು. ಹಿಮ ಹೇಗಿತ್ತು, ಎಷ್ಟು ಚಳಿ, ಎಂತ ತಿಂಡಿ. ಅವಳು ಹೇಳಿದಳು. ಹೇಳುತ್ತ ಹೇಳುತ್ತ ತನ್ನ ದನಿಯೇ ತನಗೆ ಅಸಹ್ಯವಾಯಿತು.

ಫೆಬ್ರವರಿಯ ಎರಡನೇ ವಾರ ಫಿಡೆಲಿಸ್ ಒಂದು ಸುದ್ದಿ ತಂದ. ದುಖಾನ್‌ನ ಒಂದು ಗುತ್ತಿಗೆ ಕಂಪನಿಗೆ ಕಡತ ನೋಡಿಕೊಳ್ಳುವವರು ಬೇಕು. ಎಲ್ಲೆಡೆ ಕೆಲಸ ಹೋಗುತ್ತಿದ್ದ ಕಾಲವೆಂದು ಅವನು ರಾಫೆಲರ ಹೆಸರು ಹೇಳಿ ಮಾತಾಡಿಯೂ ಬಂದಿದ್ದ. ಒಂದು ವಾರದೊಳಗೆ ಉತ್ತರ ಕೊಡಬೇಕು. ರಾಫೆಲ್ ಹಿಂದುಮುಂದು ನೋಡಿದರು. ಮಗಳು ರೆನಿಟಾಗೆ ಮಾರ್ಚಿನಲ್ಲಿ ಹತ್ತನೇ ತರಗತಿಯ ಪರೀಕ್ಷೆ. ಅಷ್ಟು ದೂರ ಮನೆ ಬದಲಾಯಿಸುವುದೆಂದರೆ ಕಷ್ಟ.

ವಾರದ ರಜೆ ಕಳೆದು ಭಾನುವಾರ ಬೆಳಿಗ್ಗೆ ಆಫೀಸಿನ ಎದುರು ಕಾರು ನಿಲ್ಲಿಸಿ, ಇಂಜಿನು ಆರಿಸದೆ ಕೇಳಿದರು. "ತೆರೆಜಾ ಬಾಯಿ, ನೀನು ನಬೀಲ್‌ನ ಬಾಗಿಲಲ್ಲೇ ಕೂರುವವಳು. ಜನ ಏನೇನೋ ಮಾತಾಡ್ತಾರೆ. ಇಲ್ಲಿ ಎಂತದಾದರೂ ಉಂಟಾ? ನಿನಗೆ ಗೊತ್ತಿದ್ದರೆ ಹೇಳು."

ಅವಳ ಕಣ್ಣ ಮುಂದೆ ಆ ಗೀಟು ಎಳೆದ ಕಾಗದ ಬಂತು. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಮಗ ಜೋವಿನ್ ನೆನಪಾದ.

"ನನಗೆ ತಿಳಿದ ಹಾಗೆ ಎಂತ ಇಲ್ಲ ರಾಫೆಲಾಬ್."

"ಹಾಗಾದರೆ ಖಲಾಸ್, ಆ ಮಾತು ಮುಗೀತು. ಇಪ್ಪತ್ತು ವರ್ಷ ಇದ್ದ ಜಾಗ, ಸುಮ್ಮನೆ ಯಾಕೆ ಬಿಡುವುದು?" ಎಂದು ಅವರು ಕಾರಿನ ಕೀ ತಿರುಗಿಸಿದರು.

ಫೆಬ್ರವರಿ ಇಪ್ಪತ್ತೈದಕ್ಕೆ ಪತ್ರಗಳು ಹೋದವು. ಕಡತ ವಿಭಾಗದವರಾದ್ದರಿಂದ ಫೈಲಿಗೆ ಹಾಕಲೆಂದು ಇಡೀ ಪಟ್ಟಿಯ ಒಂದು ಪ್ರತಿ ರಾಫೆಲರ ಕೈಗೇ ಬಂತು. ತಮ್ಮ ಹೆಸರು ನೋಡಿದರು. ಆಮೇಲೆ, ವರ್ಷಗಳ ಅಭ್ಯಾಸದಿಂದ, ಕಾಗದದ ಕೆಳಗಿನ ಎಡಮೂಲೆ ನೋಡಿದರು. ಟೈಪ್ ಮಾಡಿದವರ ಹೆಸರಿನ ಮೊದಲ ಅಕ್ಷರಗಳನ್ನು ಅಲ್ಲಿ ಹಾಕುವುದು ಆಫೀಸಿನ ಕ್ರಮ. ತೆರೆಜಾಳ ಅಕ್ಷರಗಳು. ಪಕ್ಕದಲ್ಲಿ ತಾರೀಕು: ೨೩ ಜನವರಿ.

ಆ ಸಂಜೆ ಅವರು ಅವಳಿಗಾಗಿ ಕಾಯಲಿಲ್ಲ. ತೆರೆಜಾ ಟ್ಯಾಕ್ಸಿಯಲ್ಲಿ ಮನೆಗೆ ಬಂದು, ಎರಡನೇ ಮಹಡಿಯ ಬೆಲ್ ಒತ್ತಿದಳು. ಬಾಗಿಲು ತೆರೆದ ಲೊರ್ನಾ ಒಳಗೆ ಬಾ ಎನ್ನಲಿಲ್ಲ. ಹಿಂದಿನಿಂದ ರಾಫೆಲ್ ಬಂದರು.

"ನನ್ನದೇ ಕೆಲಸ ಹೋಗ್ತಿತ್ತು ರಾಫೆಲಾಬ್" ಎಂದಳು ತೆರೆಜಾ. "ಹೇಳಿದ್ದು ತಿಳಿದರೆ..."

"ನೀನು ಪಟ್ಟಿಯ ವಿಷಯ ಹೇಳಬೇಕಾಗಿರಲಿಲ್ಲ" ಎಂದರು ಅವರು. ದನಿ ಎತ್ತಲಿಲ್ಲ. "ದುಖಾನ್‌ಗೆ ಹೋಗಿ ಅಂತ ಒಂದು ಮಾತು ಸಾಕಿತ್ತು. ಯಾಕೆ ಅಂತ ನಾನು ಕೇಳ್ತಲೂ ಇರಲಿಲ್ಲ."

ಲೊರ್ನಾ ಬಾಗಿಲು ಹಾಕಿದಳು.

ಅದು ನಿಜವಾಗಿತ್ತು, ತೆರೆಜಾಗೆ ಅದು ಹೊಳೆದೇ ಇರಲಿಲ್ಲ. ಹೆದರಿಕೆಯಲ್ಲಿ ಅವಳಿಗೆ ಕಂಡದ್ದು ಎರಡೇ ದಾರಿ: ಎಲ್ಲ ಹೇಳಿಬಿಡುವುದು, ಇಲ್ಲವೆ ಏನೂ ಇಲ್ಲವೆನ್ನುವುದು.

ಗುರುವಾರ ಬಂದ ಫಿಡೆಲಿಸ್‌ಗೆ ಎಲ್ಲವನ್ನೂ ಹೇಳಿದಳು. ಅವನು ದುಖಾನ್‌ಗೆ ಫೋನು ಹಚ್ಚಿದ. ಆ ಜಾಗಕ್ಕೆ ಹಿಂದಿನ ವಾರವೇ ಒಬ್ಬ ಕೇರಳದವನನ್ನು ತೆಗೆದುಕೊಂಡಾಗಿತ್ತು. "ನನಗಾದರೂ ಹೇಳಬಹುದಿತ್ತು" ಎಂದ ಅವನು. "ನಾನು ಗಂಡ ಅಲ್ಲವಾ?" ಅದಾದ ಮೇಲೆ ಕೆಲವು ವಾರ ಓವರ್‌ಟೈಮ್ ನೆಪ ಹೇಳಿ ಅವನು ಬರಲೇ ಇಲ್ಲ.

ರೆನಿಟಾಳ ಪರೀಕ್ಷೆ ಮುಗಿದ ಮೂರನೇ ದಿನ ರಾಫೆಲರ ಮನೆಯವರು ಊರಿಗೆ ಹೊರಟರು. ಅದಕ್ಕೆ ಮುಂಚಿನ ಶುಕ್ರವಾರ ಮೆಸೈಮೀರ್‌ನ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಕೊಂಕಣಿಯವರೆಲ್ಲ ಅವರನ್ನು ಸುತ್ತುವರಿದು ಬೀಳ್ಕೊಟ್ಟರು. ತೆರೆಜಾ ಕಂಬದ ಪಕ್ಕ ನಿಂತಿದ್ದಳು. ಯಾರೋ ಹೆಂಗಸು ಹತ್ತಿರ ಬಂದು, ಗೊತ್ತಿದ್ದೇ ಕೇಳಿದಳೋ ಗೊತ್ತಿಲ್ಲದೆಯೋ, "ನೀವು ಸ್ನೋ ನೋಡಲು ಹೋಗಿದ್ದಿರಂತೆ, ಚೆನ್ನಾಗಿತ್ತಾ?" ಎಂದಳು.

"ಚೆನ್ನಾಗಿತ್ತು" ಎಂದಳು ತೆರೆಜಾ.

ಆಗಸ್ಟಿನಲ್ಲಿ ಅವಳು ರಜೆಯ ಮೇಲೆ ಶಿರ್ವಕ್ಕೆ ಹೋದಳು. ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ರಾಫೆಲ್ ಸಿಕ್ಕಿದರು. ಕಟಪಾಡಿಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಬಿಲ್ ಬರೆಯುವ ಕೆಲಸ ಹಿಡಿದಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬೈಯಲಿ ಎಂದೇ ಅವಳು ಎದುರು ಹೋಗಿ ನಿಂತಳು. ಬೈದರೆ ಅಳಬಹುದಿತ್ತು, ಕೈ ಹಿಡಿದು ಏನಾದರೂ ಹೇಳಬಹುದಿತ್ತು. ಅವರು ಬೈಯಲಿಲ್ಲ. "ಯಾವಾಗ ಬಂದದ್ದು? ಅಲ್ಲಿ ಸೆಕೆ ಜೋರಾ?" ಎಂದು ಕೇಳಿದರು. ಜೊತೆಗಿದ್ದವರ ಕಡೆ ತಿರುಗಿ ಪರಿಚಯ ಹೇಳಿದರು. "ಇವರು ದೋಹಾದಲ್ಲಿರುವುದು. ನಾನಿದ್ದ ಕಂಪನಿಯಲ್ಲೇ."

ಹದಿನೆಂಟು ವರ್ಷ 'ಬಾಯಿ' ಎಂದು ಕರೆದವರು. ಮಳೆ ಹನಿಯತೊಡಗಿದ್ದರಿಂದ ಕೊಡೆ ಬಿಚ್ಚಿ, "ಬರ್ತೇನೆ" ಎಂದು ಅವರು ಬಸ್ಸಿನ ಕಡೆ ನಡೆದರು.