ಅನ್ವರಿ ಬೇಗಂ ತೊಳೆದ ಚೂರು

ರಾಯಚೂರಿನ ಒಂದು ಬಾಡಿಗೆ ಗೋದಾಮಿನಲ್ಲಿ ಅನ್ವರಿ ಬೇಗಂ ಹನ್ನೊಂದು ವರ್ಷದಿಂದ ಹಳೇ ಮಡಕೆ ಚೂರು ತೊಳೆಯುತ್ತಾಳೆ. ಉತ್ಖನನದಲ್ಲಿ ಸಿಕ್ಕಿದ್ದೆಲ್ಲ ಚೀಲಗಳಲ್ಲಿ ಬರುತ್ತದೆ. ಪ್ರತಿ ಚೀಲಕ್ಕೂ ಒಂದು ಚೀಟಿ: ಯಾವ ಗುಂಡಿ, ಮೇಲಿನಿಂದ ಎಷ್ಟನೇ ಪದರ. ಚೂರು ಒಡೆದರೂ ನಡೆದೀತು, ಚೀಟಿ ಕಳೆಯಬಾರದು. ಪದರ ಗೊತ್ತಿಲ್ಲದ ಚೂರು ಯಾರ ಕಾಲದ್ದೂ ಅಲ್ಲ.

ಈ ಸಲ ಗಬ್ಬೂರು ಕಡೆಯ ದಿಬ್ಬದಿಂದ ನೂರನಲವತ್ತು ಚೀಲ ಬಂದಿದ್ದವು. ಕುಕ್ಕರಗಾಲಲ್ಲಿ ಕೂತು ಅನ್ವರಿಯ ಮೊಣಕಾಲು ಹಿಡಿದಿದ್ದವು, ಬೆರಳ ತುದಿ ನೀರಿಗೆ ಬಿರಿದಿದ್ದವು. ಮಧ್ಯಾಹ್ನ ಮೂರರ ಹೊತ್ತಿಗೆ ಅಂಗೈ ಅಗಲದ ತಳದ ಚೂರೊಂದು ಕೈಗೆ ಬಂತು. ಒಳಗೆ ಸೀದು ಅಂಟಿದ ಕಪ್ಪು ಹಕ್ಕಳೆ. ತಳ ಹಿಡಿದ ಪಾತ್ರೆ ಕಂಡರೆ ಅವಳ ಕೈ ಮೊದಲು ಓಡುತ್ತದೆ, ತಲೆ ಆಮೇಲೆ. ಚೊಕ್ಕಟವಾಗಿ ಉಜ್ಜಿದಳು. ಚೀಟಿ ತಿರುವಿದರೆ ಹಿಂದೆ ಕೆಂಪಕ್ಷರ: ‘ತೊಳೆಯಬೇಡಿ. ಪರೀಕ್ಷೆಗೆ.’

ಆ ಹಕ್ಕಳೆ ಅಂದಿನ ಅಡುಗೆ. ಆ ಜನ ಏನು ಬೇಯಿಸಿ ಉಂಡರೆಂದು ಪ್ರಯೋಗಾಲಯದವರು ಅದರಿಂದ ಹೇಳುವವರಿದ್ದರು. ಈ ಚೂರು ಬಂದ ಐದನೇ ಪದರದಲ್ಲಿ ಅಂಥದ್ದು ಸಿಕ್ಕಿದ್ದು ಇದೊಂದೇ.

ಮೂರನೇ ಪದರದ ಚೀಲದಲ್ಲಿ ಹಕ್ಕಳೆ ಹಿಡಿದ ಇಂಥವೇ ಎರಡು ಇದ್ದವು. ಒಂದನ್ನು ಈ ಚೀಲಕ್ಕೆ ಹಾಕಿದರೆ ಯಾರಿಗೂ ತಿಳಿಯದು. ಅನ್ವರಿ ಎತ್ತಿಕೊಂಡಳು ಕೂಡ. ಆದರೆ ಎರಡು ಪದರಗಳ ನಡುವೆ ನೂರಾರು ವರ್ಷ. ಮರಿಮಕ್ಕಳು ಉಂಡಿದ್ದನ್ನು ಮುತ್ತಜ್ಜನ ತಟ್ಟೆಗೆ ಬಡಿಸಿದಂತೆ. ವಾಪಸ್ ಇಟ್ಟಳು.

ಸಂಜೆ ಉತ್ಖನನದ ಅಧಿಕಾರಿ ವಿಶಾಖಾ ದಿಬ್ಬದಿಂದ ಬಂದಳು.

“ಮೇಡಂ, ಕೆಂಪಕ್ಷರದ ಚೀಟಿದು ತೊಳೆದುಬಿಟ್ಟೀನಿ.”

ವಿಶಾಖಾ ಚೂರನ್ನು ಬೆಳಕಿಗೆ ಹಿಡಿದಳು.

“ನಿಮ್ಮ ಕೈಗೆ ಸಿಕ್ರ ಮಸಿಗೂ ಉಳಿಗಾಲ ಇಲ್ಲ ನೋಡ್ರಿ, ಖಾಲಾ.”

“ಬೈರಿ ಬೇಟಿ, ಜೋರಾಗಿ ಬೈರಿ.”

“ಬೈಯಾಕ ತ್ರಾಣ ಬೇಕಲ್ರೀ. ಮುಂಜಾನಿಂದ ಗುಂಡ್ಯಾಗ ನಿಂತೀನಿ.”

“ತೊಳೆದ ನೀರು ಚೆಲ್ಲಿಲ್ಲ. ಟಬ್ಬಿನಾಗ ಅದ.”

“ಅದ್ರಾಗ ಇಪ್ಪತ್ತು ಚೀಲದ ಮಣ್ಣು ಕೂಡ್ಯದ. ಏನೂ ಉಪಯೋಗಿಲ್ಲ.”

ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತು ವಿಶಾಖಾ ವಹಿ ತೆರೆದಳು. ನಡುವೆ ಗೆರೆ ಎಳೆದಳು: ಎಡಕ್ಕೆ ಕಂಡದ್ದು, ಬಲಕ್ಕೆ ಊಹಿಸಿದ್ದು. “ಹಕ್ಕಳೆ ಎಲ್ಲಿತ್ತು ಹೇಳ್ರಿ. ಎಷ್ಟು ದಪ್ಪ?”

“ಒಂದೇ ಮಗ್ಗಲಿಗೆ. ರೊಟ್ಟಿ ಅಷ್ಟು ದಪ್ಪ, ಬೆರಳಿಗೆ ಹತ್ತಿತು. ಹೊರಗೂ ಅದೇ ಮಗ್ಗಲಿಗೆ ಮಸಿ ಅದ, ನೋಡ್ರಿ. ಉರಿ ಒಂದೇ ಕಡಿಂದ ಕೊಟ್ಟಾರ. ಅಡಗಿ ಮಾಡಾಕಿ ಗಡಿಗಿ ತಿರುವಾಕ ಮರ್ತಾಳ.”

“ಮರ್ತಾಳ ಅನ್ನೋದು ನೀವು ನೋಡಿದ್ದಲ್ಲ.” ವಿಶಾಖಾ ಮಸಿಯನ್ನು ಗೆರೆಯ ಎಡಕ್ಕೆ ಬರೆದಳು, ಉರಿಯನ್ನು ಬಲಕ್ಕೆ. ಮರೆತವಳನ್ನು ಎಲ್ಲಿಯೂ ಬರೆಯಲಿಲ್ಲ. ಆಮೇಲೆ ದನಿ ತಗ್ಗಿಸಿ ಕೇಳಿದಳು: “ಕಾಳು ಕಂಡ್ವೇನ್ರಿ? ಸಜ್ಜಿ, ನವಣಿ, ಏನರೆ?”

‘ಹೌದು’ ಎಂಬ ಒಂದು ಮಾತು ಸಾಕಿತ್ತು. ದಣಿದ ಆ ಮುಖ ಅದನ್ನೇ ಕಾಯುತ್ತಿತ್ತು.

“ನೋಡೇ ಇಲ್ಲ, ಬೇಟಿ,” ಅಂದಳು ಅನ್ವರಿ. “ಉಜ್ಜಾಕತ್ತಿದ್ದೆ.”