ಅರ್ಜುನಪ್ಪ ಕಚೇರಿಯಿಂದ ತಂದ ಅರ್ಧ ಕಠಾರಿ

ಅರ್ಜುನಪ್ಪನಿಗೆ ವಾದವೆಂದರೆ ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ. ಇಲ್ಲದಿದ್ದರೆ ತುತ್ತು ಇಳಿಯುತ್ತಿರಲಿಲ್ಲ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ, ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಲಾಳಿ ಆಚೆ ಹೋಗುವಾಗ ಒಂದು ಮಾತು, ಈಚೆ ಬರುವಾಗ ಅದಕ್ಕೆ ತಾನೇ ಒಂದು ಎದುರುಮಾತು ಆಡುತ್ತಿದ್ದ. ನೂಲು ಮಾರುವ ಗೆಳೆಯ ಅಂದಪ್ಪ ಸಂಜೆ ಹೋಗಿ ಪಕ್ಕದಲ್ಲಿ ಕೂತರೆ ಎದುರುಮಾತಿನ ಕೆಲಸ ಅವನ ಪಾಲಿಗೆ ಬರುತ್ತಿತ್ತು. ಹೋದ ಮಳೆಗಾಲದಲ್ಲಿ ವಾಂತಿಭೇದಿ ಅರ್ಜುನಪ್ಪನನ್ನು ಒಂದೇ ಹಗಲಿನಲ್ಲಿ ಒಯ್ದಿತು. ಅಂದಪ್ಪ ಈಗ ಸಂಜೆ ಅಂಗಡಿಯಲ್ಲೇ ಇರುತ್ತಾನೆ. ಬಂದವರೆಲ್ಲ ಅವನು ಅಂದದ್ದಕ್ಕೆ ಹೌದೆನ್ನುತ್ತಾರೆ. ಅದನ್ನು ಸಹಿಸುವುದೇ ಅವನಿಗೆ ಕಷ್ಟ.

ಓಣಿಯ ಮದುವೆಗಳಿಗೆಲ್ಲ ಇದ್ದದ್ದು ಒಂದೇ ಕಠಾರಿ, ಅರ್ಜುನಪ್ಪನ ಮನೆಯದು. ಅರಿಷಿಣ ಹಚ್ಚಿದಾಗಿನಿಂದ ಬಾಸಿಂಗ ಬಿಚ್ಚುವ ತನಕ ಮದುಮಗ ಅದನ್ನು ಕೈಯಲ್ಲಿ ಹಿಡಿದಿರಬೇಕು. ಕೆಟ್ಟ ದೃಷ್ಟಿ ತಾಗದಿರಲೆಂದು ಅದರ ತುದಿಗೆ ನಿಂಬೆಹಣ್ಣು ಚುಚ್ಚಿರುತ್ತಾರೆ. ನರಗುಂದದ ದಂಗೆ ಅಡಗಿದ ಮೇಲೆ, ಹತಾರ ಇದ್ದವರು ಒಪ್ಪಿಸಬೇಕೆಂದು ಡಂಗುರ ಸಾರಿದರು. ರೋಣದ ಕಚೇರಿಯ ಕಾರಕೂನ ಮನೆಮನೆ ಹೊಕ್ಕು ನೋಡಿದ. ಜನರ ಬಾಯಲ್ಲಿ ಊರಿನ ಕತ್ತಿಗಳೆಲ್ಲ ಹುಲ್ಲು ಕೊಯ್ಯುವವಾದವು, ಬಾಕುಗಳೆಲ್ಲ ಬದನೆಕಾಯಿ ಹೆಚ್ಚುವವಾದವು. ಬಿಸಿಲಿಗೆ ಬೇಸತ್ತ ಕಾರಕೂನ ಅರ್ಜುನಪ್ಪನ ಕಠಾರಿ ನೋಡಿ ತಾನೇ ದಾರಿ ತೋರಿಸಿದ.

"ಇದೂ ಕಾಯಿಪಲ್ಯದ್ದ ಹೌದಲ್ಲೋ?"

ಅರ್ಜುನಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಏನಂದ್ರಿ ರಾಯರ? ನಮ್ಮ ಮುತ್ಯಾ ಹಿಡದು ಮದುವ್ಯಾದ ಕಠಾರಿರೀ ಇದು! ಇದರಾಗ ಬದನಿಕಾಯಿ ಹೆಚ್ಚತಾರೇನ್ರಿ?"

"ಹಂಗಾರ ಹತಾರ?"

"ಹತಾರನ! ಈ ಊರಾಗ ಖರೇ ಹತಾರ ಅಂದ್ರ ಇದೊಂದ!"

ಕಾರಕೂನ ನಿಟ್ಟುಸಿರು ಬಿಟ್ಟು ಅದನ್ನು ಒಯ್ದ. ಹೆಂಡತಿ ಹನುಮವ್ವ ಆ ವಾರವೆಲ್ಲ ಬದನೆಕಾಯಿ ಪಲ್ಯವನ್ನೇ ಬಡಿಸಿದಳು.

ದೀಪಾವಳಿಯ ಹೊತ್ತಿಗೆ ವಿಲಾಯತಿಯ ರಾಣಿಯ ಜಾಹೀರನಾಮೆ ಬಂತು. ಯಾರ ಧರ್ಮಕ್ಕೂ ರೂಢಿಗೂ ಸರ್ಕಾರ ಕೈಹಾಕುವುದಿಲ್ಲ, ಕಾಯ್ದೆ ಎಲ್ಲರನ್ನೂ ಒಂದೇ ಸಮ ಕಾಯುತ್ತದೆ ಎಂದು ರೋಣದಲ್ಲಿ ಓದಿ ಹೇಳಿದರು. ಗೆಳೆಯರಿಬ್ಬರೂ ಹೋಗಿ ಕೇಳಿ ಬಂದರು. ದಾರಿಯುದ್ದಕ್ಕೂ ಜಗಳ.

"ಮಾತು ಕೊಟ್ಟಾವರು ಅವರ," ಎಂದ ಅಂದಪ್ಪ. "ನಾಳೆ ಮುರಿಯಾವರೂ ಅವರ. ಮುರದ್ರ ಯಾರ ಮುಂದ ಹೇಳತಿ? ಮತ್ತ ಅವರ ಮುಂದ! ಆ ಕಾಗದ ಕಟಗೊಂಡು ಏನ ಮಾಡತಿಯೋ ಮಾರಾಯಾ?"

"ಮೊದಲ ಅವರ ಕಾಲಿಗೆ ಬಿದ್ದು ಬೇಡತಿದ್ದಿವಿ. ಈಗ ನೆಟ್ಟಗ ನಿಂತು ಕೇಳಬಹುದು. ಇಷ್ಟು ಸಾಲದೇನು?"

"ನಿಂತು ಕೇಳಿದ್ರ ಕೊಡತಾರೇನು?"

"ಕೊಡಲಿಕ್ಕಿಲ್ಲ. ಆದ್ರ ಮೊಣಕಾಲರ ನೋಯೂದಿಲ್ಲ."

ಮಾತು ಒರೆಗೆ ಬಂದದ್ದು ಬೇಸಿಗೆಯಲ್ಲಿ, ಅರ್ಜುನಪ್ಪನ ಮಗಳು ಶಿವಬಸವ್ವನ ಮದುವೆಗೆ. ಕಠಾರಿ ಇಲ್ಲದೆ ಮಗನನ್ನು ಹಂದರದೊಳಗೆ ನಿಲ್ಲಿಸುವುದಿಲ್ಲ ಎಂದು ಬೀಗಿತಿ ಕರಿಯವ್ವ ಹಟ ಹಿಡಿದಳು. ಅಡಕೊತ್ತು ನಡೆದೀತೇ ಎಂದು ಹನುಮವ್ವ ಕೇಳಿ ನೋಡಿದಳು. "ಲಾಳಿನ ಕೊಟ್ಟುಬಿಡವಾ," ಎಂದಳು ಕರಿಯವ್ವ, "ಮದುವಿ ಮುಗಿಯೂದ್ರಾಗ ಒಂದು ಸೀರಿ ನೇದಿರತಾನ!"

ಅರ್ಜುನಪ್ಪ ಅಂದಪ್ಪನನ್ನು ಎಳೆದುಕೊಂಡು ರೋಣಕ್ಕೆ ಹೋದ.

"ರಾಯರ, ರೂಢಿಗೆ ಕೈ ಹಾಕೂದಿಲ್ಲ ಅಂತ ರಾಣಿಯವರು ಮಾತು ಕೊಟ್ಟಾರ. ಕಠಾರಿ ನಮ್ಮ ರೂಢಿ."

"ಹತಾರ ಅಂತ ಜಗಳಾಡಿ ಕೊಟ್ಟಾವ ನೀನ ಅಲ್ಲೇನು?"

"ಹತಾರನೂ ಹೌದ್ರಿ, ರೂಢಿನೂ ಹೌದ್ರಿ."

ಕಾರಕೂನ ಕೆಟ್ಟವನಲ್ಲ. "ಮ್ಯಾಲಿನ ಹುಕುಂ ಇಲ್ಲೋ. ಮೆಹರ್ಬಾನಿ ಮಾಡ್ರಿ ಅಂತ ಕೈ ಮುಗಿ. ಕಣ್ಣು ಮುಚ್ಚಿ ಕೊಟ್ಟಬಿಡತೇನಿ."

"ಮುಗಿಯೋ!" ಎಂದು ಅಂದಪ್ಪ ಗೆಳೆಯನನ್ನು ತಿವಿದ.

"ಮೆಹರ್ಬಾನಿ ಮಾಡಿದ್ರ ಈ ಮದುವಿಗಷ್ಟ ಸಿಗತೈತಿ," ಎಂದ ಅರ್ಜುನಪ್ಪ. "ಮುಂದಿನ ಮದುವಿಗೆ ರಾಯರ ಮನಸ್ಸು ಹ್ಯಾಂಗ ಇರತೈತೋ ಏನೋ."

ಹಾಗೆಂದವನು ಹೊರಗಿನ ಪಡಸಾಲೆಯಲ್ಲಿ ಕೂತ. ಬಂದ ರೈತರಿಗೆಲ್ಲ ಜಾಹೀರನಾಮೆ ಹೇಳತೊಡಗಿದ. ಮರೆತ ಕಡೆ ತನ್ನದೇ ಮಾತು ಸೇರಿಸಿದ. ಕೇಳಿದವರು, ಹಾಗಾದರೆ ನಮ್ಮದೂ ಒಂದು ರೂಢಿ ಇದೆ ಎನ್ನುತ್ತ ಒಳಗೆ ಹೋದರು. ಹೊತ್ತು ಇಳಿಯುವಷ್ಟರಲ್ಲಿ ಕಾರಕೂನನಿಗೆ ಸಾಕಾಗಿ ಹೋಯಿತು. ಕಠಾರಿ ಮದುವೆಗೆ ಹೋಗಲಿ, ಆದರೆ ಸರ್ಕಾರದ ಕೈ ಬಿಟ್ಟು ಹೋಗಬಾರದು ಎಂದು ತೀರ್ಮಾನಿಸಿ, ಜವಾನ ಪರಶಪ್ಪನ ಕೈಗೆ ಕೊಟ್ಟು ಕಳಿಸಿದ.

ಅಂಥ ಮದುವೆಯನ್ನು ಗಜೇಂದ್ರಗಡ ಕಂಡಿರಲಿಲ್ಲ. ಹಿಡಿಯನ್ನು ಪರಶಪ್ಪ ಬಿಡ, ಅವನ ಕೈ ಮೇಲೆ ಮದುಮಗನ ಕೈ. ಸುರಗಿಯ ಮಂಗಳಸ್ನಾನದ ನೀರು ಇಬ್ಬರ ಮೇಲೂ ಬಿತ್ತು, ಅಕ್ಕಿಕಾಳು ಇಬ್ಬರ ತಲೆ ಮೇಲೂ ಬಿದ್ದವು. ಓಣಿಯ ಹೆಂಗಸರು ಪರಶಪ್ಪನ ಗಲ್ಲಕ್ಕೂ ಅರಿಷಿಣ ಬಳಿದರು.

"ನನ್ನ ಮಗಳಿಗೆ ಇಬ್ಬರು ಗಂಡರೇನು?" ಎಂದು ಹನುಮವ್ವ ಹಣೆ ಚಚ್ಚಿಕೊಂಡಳು.

"ಒಬ್ಬಾವ ಸರ್ಕಾರಿ, ಬಿಡ ಯವ್ವಾ," ಎಂದ ಪರಶಪ್ಪ. "ನಾಳೆ ಹೊಳ್ಳಿ ಹೋಗತಾನ."

"ಇಷ್ಟೆಲ್ಲಾ ಕುಣದು ಸಿಕ್ಕದ್ದು ಅರ್ಧ ಕಠಾರಿ," ಎಂದು ಅಂದಪ್ಪ ಕೆಣಕಿದ.

"ಉಳಿದರ್ಧಾ ಕೇಳಾಕ ಹಾದಿ ಆತಲ್ಲ," ಎಂದ ಅರ್ಜುನಪ್ಪ. ಮರುದಿನ ಕೇಳುವುದಕ್ಕೆಂದು ಪರಶಪ್ಪನ ಜೊತೆಗೇ ರೋಣಕ್ಕೆ ನಡೆದ. ಸಿಗಲಿಲ್ಲ. ಆ ಬೇಸಿಗೆಯ ಪ್ರತಿ ಮದುವೆಗೂ ಹೋಗಿ ಕೇಳಿದ. ಪ್ರತಿ ಸಲವೂ ಅರ್ಧವೇ ಸಿಕ್ಕಿತು. ಆಮೇಲೆ ಮಳೆಗಾಲ ಬಂತು.

ಅವನು ಹೋದ ಮೇಲೆ ಓಣಿಯಲ್ಲಿ ಮೊದಲು ಬಂದದ್ದು ಸಕ್ರವ್ವನ ಮಗನ ಮದುವೆ. ರೋಣಕ್ಕೆ ಹೋಗುವವರು ಬೇರೆ ಯಾರೂ ಇರಲಿಲ್ಲ. ಅಂದಪ್ಪ ಹೋದ.

"ಅವ ಎಲ್ಲೆದಾನ?" ಎಂದ ಕಾರಕೂನ.

"ತೀರಿಕೊಂಡಾನ್ರಿ."

ಕಾರಕೂನ ಲೇಖನಿ ಕೆಳಗಿಟ್ಟ. ಆಮೇಲೆ ಮೆಲ್ಲಗೆ ಅಂದ: "ನೀ ಶಾಣ್ಯಾ ಇದ್ದಿ, ಅಂದಪ್ಪ. ಮೆಹರ್ಬಾನಿ ಅಂತ ಒಂದ ಮಾತ ಅನ್ನು. ಪೂರಾ ಕಠಾರಿ ಒಯ್ಯಿ, ಜವಾನನೂ ಬ್ಯಾಡ."

ಕಾಗದದ ಮೇಲಿನ ಮಾತು ಯಾರನ್ನೂ ಕಾಯುವುದಿಲ್ಲ ಎಂದು ಅಂದಪ್ಪ ಇವತ್ತಿಗೂ ಬಲ್ಲ. ಅವನ ಕೈಗಳು ಅರ್ಧ ಮೇಲೆದ್ದಿದ್ದವು. ಅವನ್ನು ಕೆಳಗಿಳಿಸಿದ.

"ಬ್ಯಾಡ್ರಿ ರಾಯರ. ಮಾತು ಕೊಟ್ಟೀರಿ. ಆ ಲೆಕ್ಕದಾಗ ಅರ್ಧನ ಕೊಡ್ರಿ."

"ಹಂಗಾರ ಹೊರಗ ಕುಂದ್ರು. ತಡ ಆಗತೈತಿ."

ಅಂದಪ್ಪ ಪಡಸಾಲೆಗೆ ಬಂದು ಕೂತ. ಸ್ವಲ್ಪ ಹೊತ್ತಿಗೆ ಪರಶಪ್ಪ ಬಂದು ಪಕ್ಕದಲ್ಲಿ ಕೂತು, ಈ ಮದುವೆಯಲ್ಲಿ ಹೋಳಿಗೆ ಮಾಡುತ್ತಾರೋ ಹೇಗೆ ಎಂದು ವಿಚಾರಿಸಿದ.